ಸೇವ್ ಆಯಿತು, ಆದರೆ ಎಲ್ಲಿ?

ಕಂಟ್ರೋಲ್ ಕೀ ಒತ್ತಿ ಹಿಡಿದು ಎಸ್ ಒತ್ತಿದರೆ ಫೈಲ್ ಸೇವ್ ಆಗುತ್ತದೆ. ಕಂಪ್ಯೂಟರ್ ಮುಟ್ಟಿದ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಆದರೆ ನೀವು ತಿದ್ದುತ್ತಿರುವ ಫೈಲ್ ನಿಮ್ಮ ಲ್ಯಾಪ್‌ಟಾಪಿನಲ್ಲಿಲ್ಲ, ಮುಂಬೈಯಲ್ಲೋ ಸಿಂಗಪುರದಲ್ಲೋ ಅಮೆರಿಕದ ವರ್ಜೀನಿಯಾದಲ್ಲೋ ಇರುವ ಸರ್ವರಿನಲ್ಲಿದೆ ಎಂದಿಟ್ಟುಕೊಳ್ಳಿ. ಆಗ ಅದೇ ಎರಡು ಕೀ ಒತ್ತಿದರೆ ನಡೆಯುವುದು ಎಲ್ಲ ಎಡಿಟರುಗಳಲ್ಲೂ ಒಂದೇ ಅಲ್ಲ. ಒಂದರಲ್ಲಿ ನಿಮ್ಮ ಯಂತ್ರದೊಳಗಿನ ತಾತ್ಕಾಲಿಕ ಪ್ರತಿ ಮೊದಲು ಬದಲಾಗಿ, ಆಮೇಲೆ ಅದು ನೆಟ್ ಮೂಲಕ ಹೊರಡುತ್ತದೆ. ಇನ್ನೊಂದರಲ್ಲಿ ನೀವು ಒತ್ತಿದ ಕೀ ಅಲ್ಲಿಗೆ ತಲುಪಿ, ಸೇವ್ ಅಲ್ಲೇ ನಡೆಯುತ್ತದೆ. ಮೂರನೆಯದರಲ್ಲಿ ಎಡಿಟರಿನ ಅರ್ಧ ಇಲ್ಲಿದ್ದರೆ ಇನ್ನರ್ಧ ಅಲ್ಲಿ. ಪರದೆಯ ಮೇಲೆ ಮೂರೂ ಒಂದೇ ಥರ ಕಾಣುತ್ತವೆ. ಎಲ್ಲ ಸುಸೂತ್ರವಾಗಿದ್ದಾಗ ವ್ಯತ್ಯಾಸ ತಿಳಿಯುವುದೂ ಇಲ್ಲ. ಅದು ತಿಳಿಯುವುದು ನೆಟ್ ಕೈಕೊಟ್ಟ ದಿನ.

ಸುದ್ದಿತಾಣ ನಡೆಸುವವರಿಗೆ, ಕಾಲೇಜಿನ ಲ್ಯಾಬ್ ಸರ್ವರ್ ನೋಡಿಕೊಳ್ಳುವವರಿಗೆ, ಬೆಂಗಳೂರಿನಲ್ಲಿ ಕುಳಿತು ಹೊರದೇಶದ ಯಂತ್ರಗಳನ್ನು ಸಂಭಾಳಿಸುವ ಎಂಜಿನಿಯರುಗಳಿಗೆ ದೂರದ ಫೈಲ್ ತಿದ್ದುವುದು ದಿನನಿತ್ಯದ ಕೆಲಸ. ಹಾಗಾಗಿ ತಾವು ಬಳಸುತ್ತಿರುವುದು ಈ ಮೂರರಲ್ಲಿ ಯಾವುದು ಎಂದು ಅವರು ತಿಳಿದಿರುವುದು ಒಳ್ಳೆಯದು.

ಮೊದಲನೆಯದು ಎಲ್ಲಕ್ಕಿಂತ ಹಳೆಯದು. ಫೈಲನ್ನು ಇಲ್ಲಿಗೆ ತರುವುದು, ತಿದ್ದುವುದು, ವಾಪಸ್ ಕಳಿಸುವುದು. ಇದಕ್ಕೆ ಬುನಾದಿ ಹಾಕಿದವರು ಒಬ್ಬ ಭಾರತೀಯರು. ಅಲಹಾಬಾದಿನಲ್ಲಿ ಹುಟ್ಟಿದ ಅಭಯ್ ಭೂಷಣ್ ಕಾನ್ಪುರ ಐಐಟಿಯ ಮೊದಲ ತಂಡದ ಪದವೀಧರ. ಅಲ್ಲಿಂದ ಅಮೆರಿಕದ ಎಂಐಟಿಗೆ ಹೋದ ಅವರು 1971ರ ಏಪ್ರಿಲ್‌ನಲ್ಲಿ, ಇಂಟರ್‌ನೆಟ್ಟಿನ ಪೂರ್ವಜನಾದ ಅರ್ಪಾನೆಟ್‌ಗಾಗಿ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಸಾಗಿಸುವ ನಿಯಮಾವಳಿ ಬರೆದರು. ಅದೇ ಎಫ್‌ಟಿಪಿ. 1985ರಲ್ಲಿ ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಅದನ್ನು ಪರಿಷ್ಕರಿಸಿದರು. ವೆಬ್ ಹುಟ್ಟಿದ ಮೇಲೆ ಸೈಟ್ ಕಟ್ಟುವವರೆಲ್ಲ ಮಾಡಿದ್ದು ಇದೇ: ಎಫ್‌ಟಿಪಿ ತಂತ್ರಾಂಶದಲ್ಲಿ ಎಡಗಡೆ ನಮ್ಮ ಫೋಲ್ಡರ್, ಬಲಗಡೆ ಸರ್ವರಿನ ಫೋಲ್ಡರ್, ಬಲದಿಂದ ಎಡಕ್ಕೆ ಎಳೆದುಕೊಂಡು ತಿದ್ದಿ, ಎಡದಿಂದ ಬಲಕ್ಕೆ ತಳ್ಳುವುದು.

ಈ ಎಳೆದಾಟದಲ್ಲಿ ಒಂದು ಫೈಲಿಗೆ ಎರಡು ಪ್ರತಿ ಹುಟ್ಟುತ್ತವೆ. ಯಾವುದು ಹೊಸದು ಎಂಬ ಗೊಂದಲವೂ ಅಲ್ಲೇ ಹುಟ್ಟುತ್ತದೆ. ಕಚೇರಿಯಲ್ಲಿ ತಿದ್ದಿದ ಪ್ರತಿಯ ಮೇಲೆ ಮನೆಯ ಹಳೆ ಪ್ರತಿ ಹೋಗಿ ಕೂರುವುದು, ಇಬ್ಬರು ಒಂದೇ ಪುಟವನ್ನು ಇಳಿಸಿಕೊಂಡು ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳಿಸುವುದು, ಎಲ್ಲವೂ ಇದರ ಮಕ್ಕಳು.

ಎಳೆಯುವ, ತಳ್ಳುವ ಕೆಲಸವನ್ನು ಎಡಿಟರೇ ಮಾಡಿದರೆ ಹೇಗೆ? ಈ ಯೋಚನೆಯೂ ಹೊಸದಲ್ಲ. 1980ರ ದಶಕದ ಕೊನೆಯ ಹೊತ್ತಿಗೆ ಆಂಡಿ ನಾರ್ಮನ್ ಎಂಬವರು ಈಮ್ಯಾಕ್ಸ್ ಎಡಿಟರಿಗೆ ಒಂದು ಸೇರ್ಪಡೆ ಬರೆದರು. ಫೈಲಿನ ಹೆಸರು ಕೇಳಿದ ಕಡೆ ಹೆಸರಿನ ಜೊತೆಗೆ ಯಾವ ಯಂತ್ರ, ಯಾವ ಬಳಕೆದಾರ ಎಂದೂ ಬರೆದರೆ ಸಾಕು. ಎಡಿಟರ್ ಹಿಂದಿನಿಂದ ಎಫ್‌ಟಿಪಿ ನಡೆಸಿ ಫೈಲ್ ತಂದು ತೆರೆಯುತ್ತಿತ್ತು. ಸೇವ್ ಒತ್ತಿದಾಗ ತಾನೇ ವಾಪಸ್ ಕಳಿಸುತ್ತಿತ್ತು. ವಿಮ್ ಎಡಿಟರಿನೊಡನೆ ಬರುವ ನೆಟ್‌ಆರ್‌ಡಬ್ಲ್ಯು, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಹಾಕಿಕೊಳ್ಳುವ ಎಫ್‌ಟಿಪಿ ಪ್ಲಗಿನ್, ಮ್ಯಾಕ್‌ನ ಬಿಬಿಎಡಿಟ್‌ನಲ್ಲಿರುವ ಸರ್ವರಿನಿಂದ ತೆರೆಯುವ ಆಯ್ಕೆ, ಎಲ್ಲವೂ ಇದೇ ಜಾತಿಯವು.

ಆದರೆ ಎಫ್‌ಟಿಪಿಗೆ ಹುಟ್ಟಿನಿಂದ ಬಂದ ಒಂದು ರೋಗವಿತ್ತು. ಅದು ಪಾಸ್‌ವರ್ಡನ್ನು ಮುಚ್ಚುಮರೆ ಇಲ್ಲದೆ ಕಳಿಸುತ್ತದೆ. ದಾರಿಯಲ್ಲಿ ಕದ್ದು ಕೇಳುವವನಿಗೆ ಅದು ಅಕ್ಷರ ಅಕ್ಷರವಾಗಿ ಸಿಗುತ್ತದೆ. 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಇಂಥದ್ದೇ ಕದ್ದು ಕೇಳುವ ತಂತ್ರಾಂಶ ಕೂರಿಸಿದ್ದು ಪತ್ತೆಯಾಯಿತು. ಸಾವಿರಾರು ಪಾಸ್‌ವರ್ಡುಗಳು ಅದರೊಳಗಿದ್ದವು. ಅಲ್ಲಿದ್ದ ತಾತು ಯುಲೊನೆನ್ ಎಂಬ ಸಂಶೋಧಕ ಕೆಲವೇ ತಿಂಗಳಲ್ಲಿ ಗೂಢಲಿಪೀಕರಿಸಿದ ಸಂಪರ್ಕಕ್ಕಾಗಿ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ ಪೋರ್ಟ್ ಸಂಖ್ಯೆ 21, ದೂರದ ಯಂತ್ರಕ್ಕೆ ಲಾಗಿನ್ ಆಗುವ ಹಳೆಯ ವಿಧಾನವಾದ ಟೆಲ್‌ನೆಟ್‌ನದು 23. ಎರಡಕ್ಕೂ ಬದಲಿಯಾಗಬೇಕಾದ ತನ್ನ ಕೂಸಿಗೆ ನಡುವಿನ 22 ಸಿಕ್ಕರೆ ಚೆಂದ ಎಂದು ಅವರು ಸಂಖ್ಯೆ ಹಂಚುವವರಿಗೆ ಇಮೇಲ್ ಬರೆದರು. ತಡವಿಲ್ಲದೆ ಒಪ್ಪಿಗೆ ಬಂತು. ಒಪ್ಪಿಗೆ ಬರೆದವರು, ಹತ್ತು ವರ್ಷದ ಹಿಂದೆ ಎಫ್‌ಟಿಪಿಯನ್ನು ಪರಿಷ್ಕರಿಸಿದ್ದ ಅದೇ ಜಾಯ್ಸ್ ರೆನಾಲ್ಡ್ಸ್.

ಅಲ್ಲಿಂದೀಚೆಗೆ ದೂರದ ಫೈಲಿನ ಕೆಲಸವೆಲ್ಲ ನಿಧಾನವಾಗಿ ಎಸ್‌ಎಸ್‌ಎಚ್ ಮೇಲೆಯೇ ಬಂದು ನಿಂತಿತು. ಫೈಲ್ ಸಾಗಿಸಲು ಎಸ್‌ಸಿಪಿ ಬಂತು, ಎಸ್‌ಎಫ್‌ಟಿಪಿ ಬಂತು. ಎಸ್‌ಎಫ್‌ಟಿಪಿಯನ್ನು ಎಫ್‌ಟಿಪಿಗೆ ಬೀಗ ಹಾಕಿದ ರೂಪ ಎಂದು ಅನೇಕರು ತಿಳಿಯುತ್ತಾರೆ. ಹೆಸರಲ್ಲಿ ನೆಂಟಸ್ತಿಕೆ ಇದ್ದರೂ ಅದು ಎಸ್‌ಎಸ್‌ಎಚ್ ಒಳಗೇ ಹುಟ್ಟಿದ ಬೇರೆ ವಿಧಾನ. 2021ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಬ್ರೌಸರುಗಳು ಎಫ್‌ಟಿಪಿ ಬೆಂಬಲವನ್ನೇ ಕಿತ್ತುಹಾಕಿದವು. ಆದರೂ ಅಗ್ಗದ ಹೋಸ್ಟಿಂಗ್ ಕೊಳ್ಳುವವರ ಕೈಗೆ ಇವತ್ತಿಗೂ ಎಫ್‌ಟಿಪಿ ಪಾಸ್‌ವರ್ಡ್ ಬಂದು ಬೀಳುತ್ತದೆ. ಅದೇ ಹೋಸ್ಟಿಂಗಿನಲ್ಲಿ ಎಸ್‌ಎಫ್‌ಟಿಪಿ ಇದೆಯೇ ಎಂದು ಒಮ್ಮೆ ಕೇಳಿ. ಇದ್ದರೆ ಅದನ್ನೇ ಬಳಸಿ.

ಈಮ್ಯಾಕ್ಸ್‌ನಲ್ಲಿ ಎಸ್‌ಎಸ್‌ಎಚ್ ಕಡೆಗಿನ ಈ ಬದಲಾವಣೆಗೆ ಟ್ರ್ಯಾಂಪ್ ಎಂದು ಹೆಸರು. ಜರ್ಮನಿಯ ಕೈ ಗ್ರೋಸ್‌ಯೋಹಾನ್ 1998ರ ನವೆಂಬರಿನಲ್ಲಿ ಶುರುಮಾಡಿದ ಕೆಲಸ ಅದು. ಅದರ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಫೈಲ್ ತೆರೆಯಲು ಹೇಳಿದೊಡನೆ ಟ್ರ್ಯಾಂಪ್ ಎಸ್‌ಎಸ್‌ಎಚ್ ಮೂಲಕ ಆ ಯಂತ್ರಕ್ಕೆ ಲಾಗಿನ್ ಆಗಿ, ಮನುಷ್ಯರು ಆದೇಶ ಬರೆಯುವ ಶೆಲ್ಲಿನಲ್ಲೇ ಕುಳಿತು ಮಾತಾಡುತ್ತದೆ. ಫೈಲ್ ಇದೆಯೇ, ಓದುವ ಅನುಮತಿ ಇದೆಯೇ, ಎಷ್ಟು ದೊಡ್ಡದು, ಎಲ್ಲವನ್ನೂ ಸಾಮಾನ್ಯ ಆದೇಶಗಳಿಂದಲೇ ಕೇಳಿ ತಿಳಿದುಕೊಳ್ಳುತ್ತದೆ. ಆ ಯಂತ್ರದಲ್ಲಿ ಹೊಸದಾಗಿ ಏನನ್ನೂ ಹಾಕಬೇಕಿಲ್ಲ. ಫೈಲ್ ಚಿಕ್ಕದಾಗಿದ್ದರೆ ಅದನ್ನು ಅಕ್ಷರ ಮತ್ತು ಅಂಕಿಗಳ ಸಾಲಾಗಿ ಬದಲಿಸಿ ಅದೇ ಶೆಲ್ಲಿನ ಮೂಲಕ ಸುರಿಸಿಕೊಂಡು, ಇಲ್ಲಿ ಮತ್ತೆ ಮೂಲರೂಪಕ್ಕೆ ತರುತ್ತದೆ. ಸುಮಾರು 10 ಕಿಲೋಬೈಟ್ ಮೀರಿದರೆ ಎಸ್‌ಸಿಪಿಯಂಥ ಬೇರೆ ದಾರಿ ಹಿಡಿಯುವ ಏರ್ಪಾಡೂ ಉಂಟು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಯುನಿಕೋಡ್‌ನಲ್ಲಿ ಅದು ಕ, ನ, ವಿರಾಮ, ನ, ಡ ಎಂಬ ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್‌ನಂತೆ 15 ಬೈಟ್. ಸುರಿಯುವಾಗ ಮೂರು ಬೈಟಿಗೆ ನಾಲ್ಕು ಅಕ್ಷರದಂತೆ ಇಪ್ಪತ್ತಾಗುತ್ತದೆ. ಪರದೆಯ ಮೇಲೆ ಒಂದು ಪದ ಮೂಡುವ ಮುನ್ನ ಇಷ್ಟೆಲ್ಲ ಆಗಿರುತ್ತದೆ.

ಟ್ರ್ಯಾಂಪ್‌ನಿಂದ ಒಂದು ಯಂತ್ರದ ಮೂಲಕ ಇನ್ನೊಂದು ಯಂತ್ರಕ್ಕೂ ಹೋಗಬಹುದು. ಹೊರಗಿನಿಂದ ನೇರ ಬಾಗಿಲಿಲ್ಲದ ಕಚೇರಿ ಸರ್ವರುಗಳಿಗೆ ಇದು ದೊಡ್ಡ ಅನುಕೂಲ. ಅದೇ ಎಡಿಟರಿನಲ್ಲಿ ಇಲ್ಲಿಯ ಫೋಲ್ಡರ್ ಒಂದು ಕಿಟಕಿಯಲ್ಲಿ, ಅಲ್ಲಿಯದು ಇನ್ನೊಂದರಲ್ಲಿ ತೆರೆದು, ಒಂದು ಕೀ ಒತ್ತಿ ಫೈಲುಗಳನ್ನು ಸಾಗಿಸಲೂಬಹುದು. ದೂರು ಒಂದೇ: ನಿಧಾನ. ಪ್ರತಿ ಸಣ್ಣ ಪ್ರಶ್ನೆಗೂ ಒಂದು ಸಲ ಹೋಗಿ ಬರಬೇಕು. ಸಾವಿರ ಫೈಲಿರುವ ಯೋಜನೆಯಲ್ಲಿ ಒಂದು ಪದ ಹುಡುಕಲು ಹೊರಟರೆ ಕಾಯುವುದೇ ಕೆಲಸವಾಗುತ್ತದೆ.

ಎರಡನೆಯ ದಾರಿಯಲ್ಲಿ ಫೈಲ್ ಕದಲುವುದೇ ಇಲ್ಲ. ಎಸ್‌ಎಸ್‌ಎಚ್ ಮೂಲಕ ಅಲ್ಲಿಗೆ ಹೋಗಿ, ಅಲ್ಲಿಯ ಎಡಿಟರಿನಲ್ಲೇ ತಿದ್ದುವುದು. ಸರ್ವರ್ ನೋಡಿಕೊಳ್ಳುವವರು ವಿಮ್ ಅಥವಾ ನ್ಯಾನೊ ತೆರೆಯುವುದು ಹೀಗೆ. ವಿಮ್‌ನ ತಾಯಿ ವಿಐ ಹುಟ್ಟಿದ್ದೇ ದೂರದ ಕೆಲಸದ ಒತ್ತಡದಿಂದ. 1976ರಲ್ಲಿ ಬರ್ಕ್ಲಿಯ ವಿದ್ಯಾರ್ಥಿ ಬಿಲ್ ಜಾಯ್ ಮನೆಯಿಂದ ಸಂಪರ್ಕಿಸಲು ಬಳಸುತ್ತಿದ್ದದ್ದು 300 ಬಾಡ್ ಮೋಡೆಮ್. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. ಆ ಕಾಲದ ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ. ಪೂರ್ತಿ ಪರದೆ ತುಂಬಲು ಒಂದು ನಿಮಿಷ ದಾಟುತ್ತದೆ. ಹೀಗಿದ್ದಾಗ ಒಂದೇ ಅಕ್ಷರದ ಆದೇಶದಿಂದ ಪದ ಅಳಿಸುವ, ಸಾಲು ಅಳಿಸುವ, ಬದಲಾದಷ್ಟನ್ನು ಮಾತ್ರ ಮತ್ತೆ ಬರೆಯುವ ಜಿಪುಣತನ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ. ಇವತ್ತು ವಿಮ್ ಕಲಿಯುವವರು ಶಪಿಸುವ ಆ ಚುಟುಕು ಆದೇಶಗಳ ಮೂಲ ಅಲ್ಲಿದೆ.

ಈಗ ಮೋಡೆಮ್ ಇಲ್ಲ, ಆದರೆ ದೂರ ಹಾಗೆಯೇ ಇದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ವರ್ಜೀನಿಯಾಕ್ಕೆ ನೇರ ಗೆರೆ ಎಳೆದರೂ ಸುಮಾರು 14 ಸಾವಿರ ಕಿಲೋಮೀಟರ್. ಹೋಗಿ ಬರಲು ಕನಿಷ್ಠ 140 ಮಿಲಿಸೆಕೆಂಡ್ ಬೇಕು. ಕೇಬಲ್ಲುಗಳು ನೇರ ಹೋಗದ ಕಾರಣ ವಾಸ್ತವದಲ್ಲಿ ಇನ್ನೂ ಹೆಚ್ಚು. ಒತ್ತಿದ ಪ್ರತಿ ಅಕ್ಷರವೂ ಅಷ್ಟು ತಡವಾಗಿ ಮೂಡಿದರೆ ಬೆರಳು ಮುಂದೆ ಓಡಿ, ಕಣ್ಣು ಹಿಂದೆ ಉಳಿಯುತ್ತದೆ. ಅದೇ ಸರ್ವರ್ ಮುಂಬೈಯಲ್ಲಿದ್ದರೆ ಈ ಕಿರಿಕಿರಿ ಅರಿವಿಗೇ ಬರುವುದಿಲ್ಲ. ಎಂಐಟಿಯ ಕೀತ್ ವಿನ್‌ಸ್ಟೈನ್ ಮತ್ತು ಹರಿ ಬಾಲಕೃಷ್ಣನ್ 2012ರಲ್ಲಿ ಮಂಡಿಸಿದ ಮೋಶ್ ಎಂಬ ತಂತ್ರಾಂಶ ಇದಕ್ಕೊಂದು ಉಪಾಯ ಹೂಡಿತು: ಒತ್ತಿದ ಅಕ್ಷರ ಅಲ್ಲಿ ಏನಾಗಬಹುದೆಂದು ಊಹಿಸಿ ಇಲ್ಲೇ ತೋರಿಸಿಬಿಡುವುದು, ಊಹೆ ತಪ್ಪಿದರೆ ಆಮೇಲೆ ತಿದ್ದಿಕೊಳ್ಳುವುದು.

ಮೂರನೆಯ ದಾರಿ ಎಡಿಟರನ್ನೇ ಎರಡಾಗಿ ಸೀಳುತ್ತದೆ. ಊರಿನ ಅಂಗಡಿಯ ಗಲ್ಲಾಪೆಟ್ಟಿಗೆ ಬೀದಿಯ ಕಡೆ, ಗೋದಾಮು ಹಿಂದಿನ ಕೇರಿಯಲ್ಲಿ ಇದ್ದ ಹಾಗೆ. ಬೆಲ್ ಲ್ಯಾಬ್ಸ್‌ನ ರಾಬ್ ಪೈಕ್ 1980ರ ದಶಕದಲ್ಲಿ ಬರೆದ ಸ್ಯಾಮ್ ಎಂಬ ಎಡಿಟರ್ ಹೀಗಿತ್ತು. ಮೌಸ್ ಮತ್ತು ಪರದೆಯನ್ನು ನೋಡಿಕೊಳ್ಳುವ ಭಾಗ ಬಳಕೆದಾರರ ಟರ್ಮಿನಲ್ಲಿನಲ್ಲಿ, ಫೈಲನ್ನು ನಿಜವಾಗಿ ತಿದ್ದುವ ಭಾಗ ದೂರದ ಯಂತ್ರದಲ್ಲಿ. ಎರಡರ ನಡುವೆ ಹರಿಯುತ್ತಿದ್ದದ್ದು ಬೇಕಾದಷ್ಟೇ ಮಾತು. 2019ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನ ವಿಎಸ್ ಕೋಡ್ ಎಡಿಟರಿಗೆ ರಿಮೋಟ್ ಸೌಲಭ್ಯ ಪ್ರಕಟಿಸಿದಾಗ ಹೊಸಬರಿಗೆ ಅದು ಮಾಯಾಜಾಲದಂತೆ ಕಂಡಿತು. ಹಳಬರಿಗೆ ಸ್ಯಾಮ್ ನೆನಪಾಗಿರಬೇಕು.

ವಿಎಸ್ ಕೋಡ್ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು, ಅಲ್ಲಿರುವ ನಿಮ್ಮ ಹೋಮ್ ಫೋಲ್ಡರಿನಲ್ಲಿ ತನ್ನದೇ ಒಂದು ಸರ್ವರ್ ತಂತ್ರಾಂಶವನ್ನು ಕೂರಿಸುತ್ತದೆ. ಟೈಪ್ ಮಾಡುವುದು, ಬಣ್ಣ ಹಚ್ಚಿ ತೋರಿಸುವುದು ಇಲ್ಲೇ ನಡೆಯುವುದರಿಂದ ಅಕ್ಷರ ತಡವಾಗುವುದಿಲ್ಲ. ಹುಡುಕುವುದು, ಪ್ರೋಗ್ರಾಂ ಓಡಿಸುವುದು, ತಪ್ಪು ಹಿಡಿಯುವುದು ಅಲ್ಲಿ ನಡೆಯುವುದರಿಂದ ಸಾವಿರ ಫೈಲನ್ನು ಎಳೆದು ತರಬೇಕಿಲ್ಲ. ದುಬಾರಿ ಜಿಪಿಯು ಇರುವ ಯಂತ್ರ ಎಲ್ಲೋ ಇದ್ದು, ಕೆಲಸ ಮಾಡುವವರು ಇನ್ನೆಲ್ಲೋ ಇರುವ ಈ ದಿನಗಳಲ್ಲಿ ಇದು ಇಷ್ಟು ಬೇಗ ಹಬ್ಬಿದ್ದು ಅದಕ್ಕೇ.

ಆದರೆ ಇದಕ್ಕೂ ಬೆಲೆ ಇದೆ. ಅಲ್ಲಿಯ ಯಂತ್ರದಲ್ಲಿ ಕನಿಷ್ಠ 1 ಜಿಬಿ ಮೆಮೊರಿ ಬೇಕು, 2 ಜಿಬಿ ಇದ್ದರೆ ವಾಸಿ ಎನ್ನುತ್ತದೆ ಮೈಕ್ರೋಸಾಫ್ಟ್. ತಿಂಗಳಿಗೆ ಕೆಲವು ನೂರು ರೂಪಾಯಿಯ ಬಾಡಿಗೆ ಸರ್ವರಿನಲ್ಲಿ ಎಷ್ಟೋ ಸಲ ಅಷ್ಟಿರುವುದಿಲ್ಲ. ಎಡಿಟರ್ ಬಂದು ಕೂತರೆ ವೆಬ್‌ಸೈಟೇ ಉಸಿರುಗಟ್ಟೀತು. 2024ರ ಆರಂಭದಲ್ಲಿ ಹೊಸ ಆವೃತ್ತಿಯೊಂದು ಹಳೆಯ ಲಿನಕ್ಸ್ ಯಂತ್ರಗಳ ಸಂಪರ್ಕ ನಿಲ್ಲಿಸಿದಾಗ ಗದ್ದಲವೆದ್ದು, ಕಂಪನಿ ಆ ನಿರ್ಧಾರವನ್ನು ಮುಂದೂಡಬೇಕಾಯಿತು. ಇನ್ನೊಂದು ಎಚ್ಚರಿಕೆಯನ್ನು ಅದರ ಕೈಪಿಡಿಯೇ ಹೇಳುತ್ತದೆ: ದೂರದ ಯಂತ್ರ ದುಷ್ಟರ ಕೈಗೆ ಸಿಕ್ಕಿದ್ದರೆ, ಈ ಸಂಪರ್ಕದ ಮೂಲಕ ಅವರು ನಿಮ್ಮ ಲ್ಯಾಪ್‌ಟಾಪಿನಲ್ಲೂ ತಮ್ಮ ಪ್ರೋಗ್ರಾಂ ಓಡಿಸಬಹುದು. ನಂಬಿಕೆ ಇಲ್ಲದ ಯಂತ್ರಕ್ಕೆ ಈ ದಾರಿ ಬೇಡ.

ಇನ್ನು ಸೇವ್ ಆಗುವ ಕ್ಷಣಕ್ಕೆ ಬರೋಣ. ಅವಘಡಗಳೆಲ್ಲ ಇರುವುದು ಅಲ್ಲಿ. ಫೈಲ್ ವಾಪಸ್ ಕಳಿಸುವ ಸರಳ ವಿಧಾನದಲ್ಲಿ ಸರ್ವರ್ ಮೊದಲು ಹಳೆಯ ಫೈಲನ್ನು ಬರಿದು ಮಾಡಿ, ಬಂದಷ್ಟನ್ನು ತುಂಬುತ್ತಾ ಹೋಗುತ್ತದೆ. ಅರ್ಧದಲ್ಲಿ ನೆಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಪೂರ್ತಿಯಿಲ್ಲ. ಆ ಹೊತ್ತಿಗೆ ಸೈಟ್ ತೆರೆದ ಓದುಗರಿಗೆ ಮುರುಕು ಪುಟ. ಕನ್ನಡದ ಪುಟವಾದರೆ ಕೊನೆಯ ಅಕ್ಷರದ ಮೂರು ಬೈಟಿನಲ್ಲಿ ಒಂದೋ ಎರಡೋ ಬಂದು, ಅಕ್ಷರದ ಜಾಗದಲ್ಲಿ ವಜ್ರಾಕಾರದೊಳಗೆ ಪ್ರಶ್ನೆ ಚಿಹ್ನೆ ಕಾಣುವುದೂ ಉಂಟು. ಜಾಣ ತಂತ್ರಾಂಶ ಬೇರೆ ಹೆಸರಿನಲ್ಲಿ ಪೂರ್ತಿ ಕಳಿಸಿ, ಕೊನೆಗೆ ಹೆಸರು ಬದಲಿಸುತ್ತದೆ. ಹೆಸರು ಬದಲಿಸುವುದು ಒಂದೇ ಏಟಿಗೆ ಆಗುವ ಕೆಲಸವಾದ್ದರಿಂದ ಓದುಗರಿಗೆ ಸಿಗುವುದು ಹಳೆಯದು ಅಥವಾ ಹೊಸದು, ಅರ್ಧಂಬರ್ಧ ಸಿಗುವುದಿಲ್ಲ. ನೀವು ಬಳಸುವ ತಂತ್ರಾಂಶದಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಅಪ್‌ಲೋಡ್ ಮಾಡುವ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿಟ್ಟುಕೊಳ್ಳಿ.

ವಿಂಡೋಸ್ ಮತ್ತು ಲಿನಕ್ಸ್ ನಡುವಿನ ಹಳೆ ಜಗಳವೂ ಇಲ್ಲಿ ತಲೆಹಾಕುತ್ತದೆ. ಸಾಲು ಮುಗಿಯಿತು ಎನ್ನಲು ಲಿನಕ್ಸ್ ಒಂದು ಗುರುತು ಬಳಸಿದರೆ ವಿಂಡೋಸ್ ಎರಡು ಬಳಸುತ್ತದೆ. ವಿಂಡೋಸ್‌ನಲ್ಲಿ ತಿದ್ದಿ ಕಳಿಸಿದ ಶೆಲ್ ಸ್ಕ್ರಿಪ್ಟನ್ನು ಲಿನಕ್ಸ್ ಓಡಿಸಹೋದಾಗ, ಮೊದಲ ಸಾಲಿನ ಕೊನೆಯ ಆ ಕಣ್ಣಿಗೆ ಕಾಣದ ಗುರುತು ಸೇರಿಕೊಂಡು ‘ಇಂಥ ಪ್ರೋಗ್ರಾಂ ಇಲ್ಲ’ ಎಂಬ ಉತ್ತರ ಬರುತ್ತದೆ. ಸ್ಕ್ರಿಪ್ಟ್ ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ!

ಕನ್ನಡದವರಿಗೆ ಇನ್ನೊಂದು ಉಪದ್ರವ ಪ್ರತ್ಯೇಕವಾಗಿ ಕಾದಿತ್ತು. ಹಳೆಯ ನೋಟ್‌ಪ್ಯಾಡಿನಲ್ಲಿ ತಾನಾಗಿ ಬರುತ್ತಿದ್ದ ಆನ್ಸಿ ಆಯ್ಕೆಯಲ್ಲಿ ಸೇವ್ ಮಾಡಿದರೆ ಯುನಿಕೋಡ್ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಯಾಗುತ್ತಿತ್ತು. ಹಾಗಾಗಿ ಯುಟಿಎಫ್-8 ಆರಿಸುವುದು ಅನಿವಾರ್ಯವಾಗಿತ್ತು. ಆರಿಸಿದರೆ ನೋಟ್‌ಪ್ಯಾಡ್ ಕಡತದ ತಲೆಗೆ ಬಿಒಎಂ ಎಂಬ ಮೂರು ಅದೃಶ್ಯ ಬೈಟ್ ಸೇರಿಸುತ್ತಿತ್ತು. ಪಿಎಚ್‌ಪಿಯಲ್ಲಿ ಬರೆದ ಸೈಟಿನ ಫೈಲಿಗೆ ಅದು ಅಂಟಿಕೊಂಡರೆ, ಪುಟ ಶುರುವಾಗುವ ಮೊದಲೇ ಆ ಮೂರು ಬೈಟ್ ಬ್ರೌಸರಿಗೆ ಹೊರಟು, ಲಾಗಿನ್ ಆಗದಿರುವುದು, ಇನ್ನೊಂದು ಪುಟಕ್ಕೆ ಕಳಿಸದಿರುವುದು, ಹೀಗೆ ತಲೆಬುಡವಿಲ್ಲದ ದೋಷಗಳು ಕಾಣಿಸುತ್ತಿದ್ದವು. ಇಂಗ್ಲಿಷ್ ಮಾತ್ರ ಬರೆಯುವವರು ಈ ಬಲೆಗೆ ಅಷ್ಟಾಗಿ ಬೀಳುತ್ತಿರಲಿಲ್ಲ. 2019ರ ವಿಂಡೋಸ್ 10 ಪರಿಷ್ಕರಣೆಯ ಮೇಲೆ ನೋಟ್‌ಪ್ಯಾಡ್ ಬಿಒಎಂ ಇಲ್ಲದ ಯುಟಿಎಫ್-8ಕ್ಕೆ ಬದಲಾಯಿತು. ಆದರೂ ಹಳೆಯ ಫೈಲುಗಳಲ್ಲಿ ಅದು ಅಡಗಿರಬಹುದು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅಥವಾ ವಿಎಸ್ ಕೋಡ್‌ನ ಕೆಳಗಿನ ಪಟ್ಟಿಯಲ್ಲಿ ಇಣುಕಿದರೆ ಗೊತ್ತಾಗುತ್ತದೆ.

ಎಡಿಟರ್ ಬಿಟ್ಟುಹೋಗುವ ಉಳಿಕೆಗಳೂ ಅಪಾಯಕಾರಿ. ಈಮ್ಯಾಕ್ಸ್ ಹಳೆಯ ಪ್ರತಿಯನ್ನು ಹೆಸರಿನ ಕೊನೆಗೊಂದು ಅಲೆಗೆರೆ ಸೇರಿಸಿ ಪಕ್ಕದಲ್ಲೇ ಇಡುತ್ತದೆ. ವಿಮ್ ತಿದ್ದುವಾಗ ಸ್ವಾಪ್ ಎಂಬ ತಾತ್ಕಾಲಿಕ ಫೈಲ್ ಇಟ್ಟುಕೊಂಡಿರುತ್ತದೆ. ಸಂಪರ್ಕ ಕಡಿದರೆ ಅದು ಅಲ್ಲೇ ಉಳಿಯುತ್ತದೆ. ಡೇಟಾಬೇಸಿನ ಪಾಸ್‌ವರ್ಡ್ ಇರುವ ಪಿಎಚ್‌ಪಿ ಫೈಲನ್ನು ವೆಬ್ ಸರ್ವರ್ ಯಾರಿಗೂ ತೋರಿಸುವುದಿಲ್ಲ, ಓಡಿಸಿ ಫಲಿತಾಂಶವನ್ನಷ್ಟೇ ಕೊಡುತ್ತದೆ. ಅದೇ ಫೈಲಿನ ಹೆಸರಿಗೆ ಅಲೆಗೆರೆ ಅಂಟಿದರೆ ಸರ್ವರಿಗೆ ಅದು ಸಾದಾ ಪಠ್ಯ. ಕೇಳಿದವರಿಗೆ ಪಾಸ್‌ವರ್ಡ್ ಸಮೇತ ಬಡಿಸಿಬಿಡುತ್ತದೆ. ಇಂಥ ಉಳಿಕೆಗಳನ್ನು ಹುಡುಕಿಕೊಂಡೇ ಅಲೆಯುವ ಪ್ರೋಗ್ರಾಂಗಳಿವೆ. ಕೆಲಸ ಮುಗಿದ ಮೇಲೆ ಫೋಲ್ಡರಿನಲ್ಲಿ ಅಡಗಿರುವ ಫೈಲುಗಳನ್ನೂ ತೋರಿಸಿ ಒಮ್ಮೆ ನೋಡುವ ಅಭ್ಯಾಸ ಇರಲಿ.

ಇದೆಲ್ಲಕ್ಕಿಂತ ದೊಡ್ಡ ಅಪಾಯ ಬೇರೆ: ತಾನು ಯಾವ ಯಂತ್ರದಲ್ಲಿದ್ದೇನೆ ಎಂಬುದನ್ನೇ ಮರೆಯುವುದು. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ಎರಡನೆಯ ಡೇಟಾಬೇಸ್ ಸರ್ವರಿನ ಫೋಲ್ಡರ್ ಅಳಿಸುತ್ತಿದ್ದೇನೆ ಎಂದುಕೊಂಡು ಮೊದಲನೆಯದರ ಫೋಲ್ಡರನ್ನೇ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು ಸುಮಾರು 4.5 ಜಿಬಿ. ಬ್ಯಾಕಪ್‌ಗೆಂದು ಮಾಡಿಟ್ಟಿದ್ದ ವ್ಯವಸ್ಥೆಗಳೂ ಸಮಯಕ್ಕೆ ಒದಗಲಿಲ್ಲ. ಆರು ಗಂಟೆ ಹಿಂದಿನ ಒಂದು ಪ್ರತಿಯಿಂದ ಚೇತರಿಸಿಕೊಂಡರು. ನಡುವಿನ ಆರು ಗಂಟೆಯ ಡೇಟಾ ಹೋಯಿತು. ಕಂಪನಿ ಏನನ್ನೂ ಮುಚ್ಚಿಡದೆ ಇದನ್ನೆಲ್ಲ ತಾನೇ ಪ್ರಕಟಿಸಿತು. ಅದು ಟರ್ಮಿನಲ್ಲಿನಲ್ಲಿ ನಡೆದದ್ದು ನಿಜ. ಆದರೆ ಇಲ್ಲಿಯದೂ ಅಲ್ಲಿಯದೂ ಒಂದೇ ರೀತಿ ಕಾಣುವ ಎಡಿಟರಿನಲ್ಲಿ ಹೀಗಾಗುವುದು ಇನ್ನೂ ಸುಲಭ. ವಿಎಸ್ ಕೋಡ್ ಎಡ ಕೆಳಮೂಲೆಯಲ್ಲಿ ಸಂಪರ್ಕದ ಹೆಸರು ತೋರಿಸುವುದು, ಟ್ರ್ಯಾಂಪ್ ಫೈಲಿನ ಹೆಸರಿನಲ್ಲೇ ಯಂತ್ರದ ಹೆಸರು ಇಡುವುದು ಅಲಂಕಾರಕ್ಕಲ್ಲ. ಜನ ಬಳಸುತ್ತಿರುವ ಸರ್ವರಿನ ಕಿಟಕಿಗೆ ಬೇರೆಯೇ ಬಣ್ಣ ಕೊಟ್ಟುಕೊಳ್ಳುವವರು ಜಾಣರು.

ಹಾಗಾದರೆ ಯಾರಿಗೆ ಯಾವುದು? ಸ್ವಂತ ಸೈಟಿನ ಒಂದು ಶೀರ್ಷಿಕೆ, ಒಂದು ಫೋನ್ ಸಂಖ್ಯೆ ಬದಲಿಸಬೇಕಾದವರಿಗೆ ಎಡಿಟರಿನ ಎಸ್‌ಎಫ್‌ಟಿಪಿ ಪ್ಲಗಿನ್ ಧಾರಾಳ ಸಾಕು. ಲಿನಕ್ಸ್ ಸರ್ವರಿನ ಸೆಟ್ಟಿಂಗ್ ತಿದ್ದುವವರು ಅಲ್ಲಿಗೇ ಹೋಗಿ ವಿಮ್ ಅಥವಾ ನ್ಯಾನೊದಲ್ಲಿ ತಿದ್ದುವುದು ಮೇಲು. ತಿದ್ದಿದ್ದು ಸರಿಯಿದೆಯೇ ಎಂದು ಪರೀಕ್ಷಿಸುವ, ಸೇವೆಯನ್ನು ಮತ್ತೆ ಚಾಲೂ ಮಾಡುವ ಆದೇಶಗಳೂ ಅಲ್ಲೇ ಇರುತ್ತವೆ. ಇಡೀ ಯೋಜನೆಯೇ ದೂರದ ಯಂತ್ರದಲ್ಲಿದ್ದು, ಆ ಯಂತ್ರಕ್ಕೆ ಶಕ್ತಿಯೂ ಇದ್ದರೆ ಎರಡಾಗಿ ಸೀಳಿದ ಎಡಿಟರ್ ಬಳಸಿ.

ಒಬ್ಬರಿಗಿಂತ ಹೆಚ್ಚು ಜನ ಕೈಹಾಕುವ ಕೆಲಸವಾದರೆ ಈ ಮೂರಕ್ಕಿಂತ ಮೊದಲು, ಯಾರು ಏನು ಬದಲಿಸಿದರೆಂದು ದಾಖಲಿಸಿಡುವ ಗಿಟ್ ಇರಬೇಕು. ತಿದ್ದುವುದು ಬೇರೆ ಪ್ರತಿಯಲ್ಲಿ, ಅಲ್ಲಿ ಪರೀಕ್ಷೆ, ಆಮೇಲೆ ಸರ್ವರಿಗೆ. ಜನ ಓದುತ್ತಿರುವ ಫೈಲನ್ನೇ ನೇರವಾಗಿ ತಿದ್ದುವುದು ತುರ್ತಿಗೆ ಮಾತ್ರ. ರಾತ್ರಿ ಹನ್ನೊಂದಕ್ಕೆ ಮುಖಪುಟದಲ್ಲಿ ಮಂತ್ರಿಯ ಹೆಸರು ತಪ್ಪಾಗಿದೆ ಎಂದು ಫೋನ್ ಬಂದರೆ ಯಾರೂ ಪದ್ಧತಿ ನೋಡುತ್ತಾ ಕೂರುವುದಿಲ್ಲ. ಆದರೆ ಹಾಗೆ ತಿದ್ದಿದ್ದನ್ನು ಮಲಗುವ ಮುನ್ನ ಗಿಟ್‌ಗೂ ಸೇರಿಸಿ. ಇಲ್ಲದಿದ್ದರೆ ಮುಂದಿನ ವಾರ ಸಹೋದ್ಯೋಗಿಯೊಬ್ಬರು ಇನ್ನೇನೋ ಬದಲಿಸಿ ಹೊಸ ಆವೃತ್ತಿ ಏರಿಸಿದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗಿ, ಅದೇ ತಪ್ಪು ಹೆಸರು ಮುಖಪುಟಕ್ಕೆ ವಾಪಸ್ ಬರುತ್ತದೆ.